ಕಟ್ಟಕ್ಕೆ ಕರೆಯುತ್ತಿದ್ದವರು

ಮಳೆಗಾಲ ಮುಗಿಯುತ್ತಲೇ ನಮ್ಮ ಯುವಕ ಮಂಡಲದ ಕಾರ್ಯದರ್ಶಿಗಳ ಬಲಗಿವಿಯ ಹಿಂದೆ ಒಂದಿಷ್ಟು ಕೆಸರು ಒಣಗಿ ಅಂಟಿಕೊಂಡಿರುತ್ತಿತ್ತು. ಮಣ್ಣಿನ ಚೀಲವನ್ನು ಅವರು ಆ ಬದಿಯ ಹೆಗಲ ಮೇಲೆಯೇ ಹೊರುತ್ತಿದ್ದರು. ಎಪ್ಪತ್ತು ದಾಟಿದವರು ಯುವಕ ಮಂಡಲಕ್ಕೆ ಹೇಗೆ ಕಾರ್ಯದರ್ಶಿ ಎಂದು ಮಡಂತ್ಯಾರು ಪೇಟೆಯಲ್ಲಿ ಯಾರಾದರೂ ಕೆಣಕಿದರೆ, ಯುವಕರು ಸಿಗುವವರೆಗೆ ತಾನೇ ಯುವಕ ಎನ್ನುತ್ತಿದ್ದರು. ಆ ಹುದ್ದೆ ಬೇರೆ ಯಾರಿಗೂ ಬೇಡವಾಗಿತ್ತು.

ಮಂಡಲದ ದೊಡ್ಡ ಕೆಲಸವೆಂದರೆ ಊರ ತೋಡಿಗೆ ವರ್ಷವರ್ಷವೂ ಕಟ್ಟ ಹಾಕುವುದು. ತೋಡಿನಲ್ಲಿ ಹರಿಯುವ ನೀರಿಗೆ ಅಡ್ಡವಾಗಿ ಮಣ್ಣಿನ ಚೀಲ ಪೇರಿಸಿದರೆ ಎರಡೂ ದಡದ ಬಾವಿಗಳಲ್ಲಿ ಬೇಸಿಗೆ ಪೂರ್ತಿ ನೀರು ನಿಲ್ಲುತ್ತಿತ್ತು. ಆ ಕೆಲಸಕ್ಕೆ ಜನರನ್ನು ಫೋನಿನಲ್ಲಿ ಕರೆದರೆ ಅದು ಕಾರ್ಯದರ್ಶಿಗಳ ಲೆಕ್ಕದಲ್ಲಿ ಕರೆಯೇ ಅಲ್ಲ. ಪ್ರತಿ ಮನೆಯ ಅಂಗಳಕ್ಕೆ ಹೋಗಿ ಕರೆಯುತ್ತಿದ್ದರು, ಕೊಟ್ಟ ಬೆಲ್ಲ ನೀರನ್ನು ನಿಂತೇ ಕುಡಿಯುತ್ತಿದ್ದರು. ಕೂತರೆ ಮಾತು ಬೆಳೆದು ಉಳಿದ ಮನೆ ತಪ್ಪುತ್ತದೆಂಬ ಗಡಿಬಿಡಿ. ಒಮ್ಮೆ ಅಪ್ಪನನ್ನು ಕರೆದಾದ ಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

"ನೀನೂ ಬಾ. ಬಾವಿಯ ನೀರು ನೀನೂ ಕುಡಿಯುವುದಲ್ವಾ?"

ಊರಿನ ಕೆಲಸಕ್ಕೆ ಹುಡುಗಿಯಾದ ನನ್ನನ್ನು ಯಾರಾದರೂ ಕರೆದದ್ದು ಅದೇ ಮೊದಲು.

ಅವರು ಮಾಡಿದ ತಪ್ಪು ಒಂದೇ. ಒಂದು ವರ್ಷ ನಮ್ಮೂರಿನ ಹೋಟೆಲಿನ ಧಣಿ ತನಗೆ ಪುರುಸೊತ್ತಿಲ್ಲ, ಬದಲಿಗೆ ಕೆಲಸದವನನ್ನು ಕಳಿಸುತ್ತೇನೆ ಎಂದರು. ಚೀಲ ಹೊರಲು ಕೈ ಸಿಕ್ಕಿತಲ್ಲ ಎಂದು ಕಾರ್ಯದರ್ಶಿಗಳು ಒಪ್ಪಿದರು. ಮರುವರ್ಷದಿಂದ ಆ ಉಪಾಯ ಮನೆಮನೆಗೂ ಹಬ್ಬಿತು. ಕೊನೆಗೆ ತೋಡಿಗೆ ಇಳಿದವರು ಅವರು, ನಾನು, ಮನೆಮನೆಯವರು ಬದಲಿಗೆ ಕಳಿಸಿದ ಜಾರ್ಖಂಡಿನ ಕೆಲಸದ ಹುಡುಗರು. ಕಟ್ಟ ನಿಂತಿತು. ಸದಸ್ಯರು ಅದರ ಫೋಟೊವನ್ನು ವಾಟ್ಸಾಪಿನಲ್ಲಿ ಹಂಚಿ 'ನಮ್ಮ ಹೆಮ್ಮೆ' ಎಂದು ಬರೆದರು. ಈಗ ನೆನೆದರೂ ಮೈ ಉರಿಯುತ್ತದೆ.

ಆ ವರ್ಷದ ಮಹಾಸಭೆಗೆ ಮಾತ್ರ ಜನ ಬಂದರು, ಊಟವಿತ್ತು. ಕಾರ್ಯದರ್ಶಿಗಳು ಎದ್ದು, ಚೀಲ ಹೊತ್ತ ಹುಡುಗರನ್ನು ಸದಸ್ಯರಾಗಿ ಸೇರಿಸುವ ಎಂದರು. ಕಟ್ಟಕ್ಕೆ ಬರಲು ಇಲ್ಲದ ತ್ರಾಣ ಆಗ ಎಲ್ಲರ ಗಂಟಲಿಗೆ ಬಂತು. ಮಂಡಲ ಊರಿನವರದ್ದು ಎಂದರು, ಹಿರಿಯರು ಕಟ್ಟಿದ್ದು ಎಂದರು. ಹೋಟೆಲಿನ ಧಣಿ ನಗುತ್ತಾ ಹೇಳಿದರು: "ನಾಳೆ ಅವರೇ ಅಧ್ಯಕ್ಷರಾಗ್ತಾರೆ, ಮಾರಾಯ್ರೆ."

"ಆಗಲಿ. ನೀರು ನಿಲ್ತದಲ್ಲ" ಎಂದರು ಕಾರ್ಯದರ್ಶಿಗಳು. ನಾನು ಮತ್ತು ಅವರು ಮಾತ್ರ ಕೈ ಎತ್ತಿದೆವು. ಅವರು ಊಟಕ್ಕೆ ನಿಲ್ಲದೆ ಹೋದರು.

ಮುಂದಿನ ಮಳೆಗಾಲ ಮುಗಿದಾಗ, ಕರೆಯಲು ಹೊರಡುವುದಿಲ್ಲವೇ ಎಂದು ಅವರ ಮನೆಗೇ ಹೋಗಿ ಕೇಳಿದೆ. ಚಾವಡಿಯಲ್ಲಿ ಕೂತಿದ್ದರು. ಕಿವಿಯ ಹಿಂದೆ ಕೆಸರಿರಲಿಲ್ಲ.

"ಯಾರನ್ನು ಕರೆಯುವುದು ಮಗಾ? ಯಜಮಾನನನ್ನಾ, ಕೆಲಸದವನನ್ನಾ?"

ಆ ವರ್ಷ ಯಾರೂ ಕಟ್ಟ ಹಾಕಲಿಲ್ಲ. ಹೊರಡುವ ಎಂದು ಬೇರೆ ಯಾರೂ ಹೇಳಲಿಲ್ಲ, ನನ್ನೊಬ್ಬಳ ಮಾತಿಗೆ ಯಾರೂ ಏಳಲಿಲ್ಲ. ಬೇಸಿಗೆಯ ನಡುವೆ ಕಾರ್ಯದರ್ಶಿಗಳು ತೀರಿಕೊಂಡರು. ಹೆಣಕ್ಕೆ ಸ್ನಾನ ಮಾಡಿಸಲು ಬಾವಿಗೆ ಕೊಡಪಾನ ಇಳಿಸಿದರೆ ಕೆಸರು ಬಂತು. ಪೇಟೆಯಿಂದ ಟ್ಯಾಂಕರ್ ತರಿಸಬೇಕಾಯಿತು. ಊರಿಗೆ ಊರೇ ಅಂಗಳದಲ್ಲಿ ಸೇರಿ ಟ್ಯಾಂಕರಿಗೆ ಕಾಯಿತು. ಅಷ್ಟು ಜನ ತೋಡಿಗೆ ಇಳಿದಿದ್ದರೆ ಒಂದು ಬೆಳಿಗ್ಗೆಯ ಕೆಲಸ. ಊರಿಗೆ ನಾನೂ ಸೇರಿದವಳು ಎಂದು ನನಗೆ ತೋರಿಸಿಕೊಟ್ಟವರು ಅವರು, ಆ ದಿನ ಮಾತ್ರ ಆ ಊರಿಗೆ ಸೇರಲು ನನಗೆ ಮನಸ್ಸಾಗಲಿಲ್ಲ.

ನನ್ನ ಪಕ್ಕದಲ್ಲಿ ಹೋಟೆಲಿನ ಧಣಿ ನಿಂತಿದ್ದರು. ಬತ್ತಿದ ಬಾವಿಗೆ ಬಗ್ಗಿ ನೋಡಿ, ತಗ್ಗಿದ ದನಿಯಲ್ಲಿ ದೂರಿದರು.

"ಈ ವರ್ಷ ಕಟ್ಟಕ್ಕೆ ಯಾರೂ ಕರೀಲಿಕ್ಕೇ ಬರಲಿಲ್ಲ ನೋಡಿ."