ಪೂರಿಂಗ್ ಅತ್ತೆ ಊಟಕ್ಕೆ ಕೂತಾಗ

ನನ್ನ ಗಂಡನ ಅಕ್ಕ ಪೂರಿಂಗ್, ಇಲೋಯ್ಲೋ ಊರಿನ ನಮ್ಮ ಇಡೀ ಬೀದಿಗೇ ಅತ್ತೆ. ಬಾಗಿಲಿಗೆ ಬಂದವರನ್ನೆಲ್ಲ "ಏನಿದು, ದಪ್ಪ ಆಗ್ಬಿಟ್ಟಿದೀಯಲ್ಲ" ಎಂದೇ ಬರಮಾಡಿಕೊಳ್ಳುತ್ತಿದ್ದರು. ಚರ್ಚಿನ ಪಾದ್ರಿಗೂ ವಿನಾಯಿತಿ ಇರಲಿಲ್ಲ. ಅದೇ ಬಾಯಲ್ಲಿ, "ಇನ್ನೊಂಚೂರು ಹಾಕ್ಕೋ, ನನ್ನಾಣೆ" ಎಂದು ಅನ್ನ, ಹುರಿದ ಮೀನು ಹಿಡಿದು ಬೆನ್ನು ಹತ್ತುತ್ತಿದ್ದರು. ತಾವು ಮಾತ್ರ ಕೂರುತ್ತಿರಲಿಲ್ಲ. "ಅಡುಗೆ ಮಾಡ್ತಾನೇ ಹೊಟ್ಟೆ ತುಂಬೋಯ್ತು" ಎನ್ನುವರು. ಎಷ್ಟು ದೊಡ್ಡ ಮನಸ್ಸು ಎಂದು ನಾವು ಹೊಗಳುತ್ತಿದ್ದೆವು. ಹೀಗಿರುವಾಗ ಹದಿಹರೆಯದ ನನ್ನ ಮಗಳು ಲುನಿಂಗ್ ಊಟ ಬಿಟ್ಟು ಬಿಟ್ಟು ಕಡ್ಡಿಯಾಗಿ, ಎದೆಬಡಿತ ಕುಗ್ಗಿ ಆಸ್ಪತ್ರೆ ಸೇರಿದಳು. ಮನೆಗೆ ಕಳಿಸುವಾಗ ಡಾಕ್ಟರು, "ಇದು ಹಟ ಅಲ್ಲ, ಕಾಯಿಲೆ. ಅವಳ ಮೈ ಬಗ್ಗೆ ಯಾರೂ ಮಾತಾಡ್ಬೇಡಿ. ಪ್ರತಿ ಊಟಕ್ಕೂ ಒಬ್ಬರು ಎದುರಿಗೆ ಕೂತು, ಅವಳಿಗೆ ಬಡಿಸಿದಷ್ಟನ್ನೇ ತಾವೂ ಉಣ್ಣಬೇಕು" ಎಂದರು. "ನಾನಿದೀನಲ್ಲ" ಎಂದರು ಅತ್ತೆ. ಮೊದಲ ಮಧ್ಯಾಹ್ನ ಇಬ್ಬರಿಗೂ ಸಮನಾಗಿ ಬಡಿಸಿದೆ. ಹುಡುಗಿ ಅಳುತ್ತಲೇ ಒಂದು ತುತ್ತು ನುಂಗಿದಳು. ಅತ್ತೆ ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳಿದರು, ಮೀನನ್ನು ಚೂರು ಚೂರು ಮಾಡಿದರು. ಚಮಚ ಬಾಯಿಯವರೆಗೆ ಹೋಗಿ, ಹಾಗೇ ಕೆಳಗಿಳಿಯಿತು. ಆ ಉಪಾಯಗಳೆಲ್ಲ ಲುನಿಂಗ್‌ಗೆ ಚೆನ್ನಾಗಿ ಗೊತ್ತಿದ್ದವು. "ಯಾವಾಗಿಂದ, ಅತ್ತೆ?" ಎಂದು ಮೆಲ್ಲಗೆ ಕೇಳಿದಳು. ಅತ್ತೆ ತಲೆಯೆತ್ತಲಿಲ್ಲ. "ನಿನ್ನ ವಯಸ್ಸಿಂದ" ಎಂದರು.