ರೇಣುಕಾಳ ಬೂಟಿನೊಳಗಿನ ಸ್ಪ್ರಿಂಗ್ ಪಟ್ಟಿ

ರೇಣುಕಾ, ನಿನ್ನ ಬೂಟಿನೊಳಗೆ ಸ್ಪ್ರಿಂಗ್ ಪಟ್ಟಿ ಕೂರಿಸಿ ಕೊಟ್ಟಾಗ ಅದು ನಿಯಮಕ್ಕೆ ವಿರುದ್ಧವೆಂದು ನನಗೆ ಗೊತ್ತಿತ್ತು. ಓಟ ಮುಗಿದ ಕೂಡಲೇ ಗುಟ್ಟಾಗಿ ರೆಫರಿಯ ಬಳಿ ಹೋಗಿ, ಅವಳ ಬೂಟು ಬಿಚ್ಚಿಸಿ ನೋಡಿ ಎಂದವಳೂ ನಾನೇ. ಅಕ್ಕ ತಿಳಿಯದೆ ಕೊಟ್ಟಳು ಎಂದು ನೀನು ಇಂದಿಗೂ ನಂಬಿದ್ದೀಯ. ಆ ನಂಬಿಕೆಯನ್ನು ಇಷ್ಟು ವರ್ಷ ನಾನು ಹಾಗೆಯೇ ಇರಗೊಟ್ಟೆ.

ಆಗ ನಾವಿಬ್ಬರೂ ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವರು. ನಾನು ತಪಾಸಣೆಯಲ್ಲಿ, ನೀನು ಪ್ಯಾಕಿಂಗ್‌ನಲ್ಲಿ. ನಾನು ಚಿಕ್ಕಂದಿನಿಂದ ಅಪ್ಪನ ಸರ್ಕಾರಿ ಕಾರ್ಖಾನೆಯ ಮೈದಾನದಲ್ಲಿ ಕೋಚ್ ಕೈಕೆಳಗೆ ಓಡಿದವಳು. ನೀನು ಕೊಪ್ಪಳದ ಕಡೆಯಿಂದ ಬಂದು ದಾಸರಹಳ್ಳಿಯ ಬಾಡಿಗೆ ಕೋಣೆಯಲ್ಲಿದ್ದೆ. ಅಭ್ಯಾಸಕ್ಕೆ ಜೊತೆಯಿರಲಿ ಎಂದು ನಾನೇ ನಿನ್ನನ್ನು ಕರೆದೊಯ್ದೆ. ಮೂರನೆಯ ವಾರಕ್ಕೇ ನೀನು ನನ್ನನ್ನು ಹಿಂದೆ ಹಾಕಿದೆ. ನಾನು ಚಪ್ಪಾಳೆ ತಟ್ಟಿದೆ — ಒಳಗೊಳಗೆ ಮಾತ್ರ, ನಿನ್ನ ಕಾಲು ಮುರಿಯಬಾರದೇ ಎಂದುಕೊಂಡೆ.

ಕೈಗಾರಿಕಾ ಪ್ರದೇಶದ ಕ್ರೀಡಾಕೂಟದಲ್ಲಿ ಸಾವಿರದ ಐನೂರು ಮೀಟರ್ ಗೆದ್ದು ಬಂದವಳಿಗೆ ಕಾಯಂ ಕೆಲಸ ಎಂದು ಮ್ಯಾನೇಜರ್ ಹೇಳಿದರು. ಒಂದೇ ಹುದ್ದೆ. ಅದೇ ವಾರ ನಿನ್ನ ಹಿಮ್ಮಡಿ ನೋವು ಹೆಚ್ಚಾಯಿತು. ತಪಾಸಣೆಗೆ ಬಂದ ತೆಳು ಸ್ಪ್ರಿಂಗ್ ಪಟ್ಟಿಗಳಲ್ಲಿ ಎರಡನ್ನು ನಾನು ತೆಗೆದು, ಬಾಗಿಸಿ, ನಿನ್ನ ಬೂಟಿನ ಒಳಹಾಸಿನಡಿ ಅಂಟಿಸಿದೆ. ನೀನು ನಾಲ್ಕು ಹೆಜ್ಜೆ ಓಡಿ ಬಂದು ಕೇಳಿದೆ:

“ನೆಲಾನ ಎತ್ತಿ ಒಗದಂಗ ಆಗ್ತೈತ್ರೀ ಅಕ್ಕಾ. ಇದು ರೂಲ್ಸಿಗೆ ನಡೀತೈತೇನ್ರಿ?”

“ನಡೆಯುತ್ತೆ ಕಣೆ. ನೋವಿಗೆ ಹಾಕ್ಕೊಳ್ಳೋದಕ್ಕೆ ಯಾವ ರೂಲ್ಸು? ಧೈರ್ಯವಾಗಿ ಓಡು.”

ಬೂಟಿನಲ್ಲಿ ಸ್ಪ್ರಿಂಗ್ ಇರಕೂಡದೆಂಬ ಸಾಲಿದ್ದ ನಿಯಮದ ಹಾಳೆ ಆಗ ನನ್ನ ಚೀಲದಲ್ಲೇ ಇತ್ತು.

ನೀನು ನನಗಿಂತ ಅರ್ಧ ಸುತ್ತು ಮುಂದೆ ಮುಗಿಸಿದೆ. ಪಟ್ಟಿ ಇಲ್ಲದಿದ್ದರೂ ನೀನೇ ಗೆಲ್ಲುತ್ತಿದ್ದೆ — ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ರೆಫರಿ ಎಲ್ಲರೆದುರು ಒಳಹಾಸು ಕಿತ್ತರು. “ಯಾರಮ್ಮ ಹಾಕಿಕೊಟ್ಟಿದ್ದು?” ಎಂದರು. ನೀನು ನನ್ನತ್ತ ಒಮ್ಮೆ ನೋಡಿದೆ. ಆಮೇಲೆ ತಲೆ ತಗ್ಗಿಸಿ, “ನಾನ ಹಾಕ್ಕೊಂಡೀನ್ರಿ ಸರ” ಎಂದೆ. ಎರಡನೆಯವಳಾಗಿದ್ದ ನನ್ನ ಕೊರಳಿಗೆ ಚಿನ್ನದ ಪದಕ ಬಿತ್ತು, ಕಾಯಂ ಕೆಲಸವೂ ನನ್ನದಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, “ನಿಮಗ ಗೊತ್ತಿರಲಿಲ್ಲ, ಬಿಡ್ರಿ. ಇಬ್ರೂ ಹಾಳಾಗೋದು ಬ್ಯಾಡ” ಎಂದು ನೀನು ನನ್ನನ್ನೇ ಸಮಾಧಾನ ಮಾಡಿದೆ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಪಟ್ಟಿ ಕಾರ್ಖಾನೆಯದೆಂದು ಗೊತ್ತಾಗಿ ಕಳ್ಳತನದ ವಿಚಾರಣೆ ನಡೆಯಿತು. ನನ್ನನ್ನು ಕರೆದು ಕೇಳಿದರು. “ಅವಳು ಊಟದ ಹೊತ್ತಿಗೆ ನಮ್ಮ ಸೆಕ್ಷನ್‌ಗೆ ಬರ್ತಿದ್ಲು ಸಾರ್” ಎಂದೆ. ಸುಳ್ಳಲ್ಲ. ನೀನು ನನಗೆ ರೊಟ್ಟಿ ಕೊಡಲು ಬರುತ್ತಿದ್ದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಸಂಜೆಯೊಳಗೆ ನಿನ್ನನ್ನು ಹೊರಗೆ ಹಾಕಿದರು. ಗೇಟಿನಲ್ಲಿ ನಿನ್ನ ಚೀಲ ಸುರಿದು ತಪಾಸಣೆ ಮಾಡುವಾಗ ನಾನು ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ. ದುಃಖವಾಗಲಿಲ್ಲ. ಹಗುರವೆನಿಸಿತು — ಇದನ್ನೂ ನೀನು ತಿಳಿಯಬೇಕು.

ಹೋದ ತಿಂಗಳು ನಾಗಸಂದ್ರ ಮೆಟ್ರೋ ನಿಲ್ದಾಣದಲ್ಲಿ ನೀನು ನೆಲ ಒರೆಸುತ್ತಿದ್ದೆ. ನಾನು ಮುಖ ತಿರುಗಿಸಿದರೂ ನೀನು ಗುರುತು ಹಿಡಿದೆ. “ನಾ ಅವತ್ತು ಸುಮ್ನಿದ್ದದ್ದಕ್ಕ ನಿಮಗರ ಚಲೋ ಆತಲ್ರೀ ಅಕ್ಕಾ” ಎಂದು ನಕ್ಕೆ. ನಾನು ತಲೆಯಾಡಿಸಿ ರೈಲು ಹತ್ತಿದೆ. ಆಗಲೂ ಹೇಳಲಿಲ್ಲ.

ಇಂದು ಬೆಳಿಗ್ಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಮ್ಯಾನೇಜರ್ ಮುಂದೆ ಇಟ್ಟೆ. ಅವರು ಓದಿ, “ಹಳೇದು ಯಾಕೆ ಮೇಡಂ? ಆ ಹುಡುಗಿ ಮುಖಾನೂ ಯಾರಿಗೂ ನೆನಪಿಲ್ಲ” ಎಂದು ಹಿಂದಕ್ಕೆ ತಳ್ಳಿದರು. ಒಂದು ಕ್ಷಣ — ಒಂದೇ ಕ್ಷಣ — ಸದ್ಯ, ಪಾರಾದೆ ಎನಿಸಿತು. ಆಮೇಲೆ ಅದನ್ನು ಮತ್ತೆ ಅವರತ್ತ ಸರಿಸಿ, ಸ್ವೀಕರಿಸಿದ ಮುದ್ರೆ ಒತ್ತಿಸಿಕೊಳ್ಳದೆ ಏಳಲಿಲ್ಲ.

ಅದರ ಪ್ರತಿ ಈ ಪತ್ರದೊಂದಿಗಿದೆ. ಪೊಲೀಸರಿಗೆ ಕೊಡುತ್ತೀಯೋ, ನಿಲ್ದಾಣದ ಗೋಡೆಗೆ ಅಂಟಿಸುತ್ತೀಯೋ, ನಿನ್ನಿಷ್ಟ. ಯಾರು ಕೇಳಿದರೂ ಅದು ನನ್ನ ಸಹಿಯೇ ಎಂದು ಒಪ್ಪಿಕೊಳ್ಳುತ್ತೇನೆ.