ಒಂದೇ ಸೆಲ್ಲಿನ ಟಾರ್ಚು

ಮಾರ್ಚ್ ಒಂಬತ್ತು. ಬೆಳಗಿನಿಂದ ಮೋಡ, ವಿಪರೀತ ಸೆಕೆ. ಹನ್ನೊಂದರ ಸುಮಾರಿಗೆ ಒಂದೇ ಒಂದು ಗುಡುಗು ಬಂದು, ಮಳೆ ತರದೆ ಕರೆಂಟನ್ನು ಮಾತ್ರ ಒಯ್ದಿತು.

ಲಿಫ್ಟ್ ರಿಪೇರಿಯೇ ಕಸುಬಾದ ಅಕ್ಕ ಆಗ ಒಂದು ಕಟ್ಟಡದ ನೆಲಮಹಡಿಯಲ್ಲಿ ಮೊಣಕಾಲೂರಿ ಬಾಗಿಲ ಹಳಿಯ ಕಸ ಕೆರೆಯುತ್ತಿದ್ದಳು. ಬೀದಿಗೆಲ್ಲ, ತನಗಿಂತ ಹಿರಿಯರಿಗೂ, ಅವಳು ಅಕ್ಕನೇ. ಎದುರು ಕಟ್ಟಡದ ಲಿಫ್ಟಿನಲ್ಲಿ ದರ್ಜಿ ಅಜ್ಜಿ ಸಿಕ್ಕಿಕೊಂಡಿದ್ದಾಳೆಂದು ಕಾವಲುಗಾರ ಕೂಗಿದಾಗ ಅವಳು ಬ್ರಷ್ಷು ಅಲ್ಲೇ ಬಿಟ್ಟು ಓಡಿದಳು.

ಮಂಡಿಯ ಆಪರೇಷನ್ ಆದಮೇಲೆ ಅಜ್ಜಿ ನಾಲ್ಕನೇ ಮಹಡಿಯಿಂದ ಇಳಿದವಳೇ ಅಲ್ಲ. ಮೆಟ್ಟಿಲು ಆಗದು, ಲಿಫ್ಟ್ ಎಂದರೆ ಎದೆ ಡವಡವ. ತಿಂಗಳುಗಟ್ಟಲೆ ಪುಸಲಾಯಿಸಿ ಹತ್ತಿಸಿದವಳು ಅಕ್ಕ. ಅಜ್ಜಿ ಒಬ್ಬಳೇ ಹತ್ತಿದ ಮೊದಲ ದಿನವೇ ಹೀಗಾಗಿತ್ತು. ಈಗ ಹೆದರಿದಳೆಂದರೆ ಮುಂದೆ ಅವಳಿಗೆ ಮನೆಯೇ ಸೆರೆ.

ಲಿಫ್ಟು ನಿಂತಿದ್ದ ಮೂರನೇ ಮಹಡಿಯ ಬಾಗಿಲಿಗೆ ಬಾಯಿಟ್ಟು ಅಕ್ಕ ಕರೆದಳು. "ಅಜ್ಜಿ, ನಾನು ಬಂದೆ. ಕಣ್ಮುಚ್ಕೊಂಡು ಕೂತಿರಿ."

"ಮುಚ್ಚಿದ್ರೂ ಕತ್ತಲೆ, ತೆರೆದ್ರೂ ಕತ್ತಲೆ. ನಿನ್ನ ಮಾತು ಕೇಳಿ ಹತ್ತಿದೆ ನೋಡು, ನನಗೆ ಬುದ್ಧಿ ಇಲ್ಲ."

"ಬೈತಾ ಇರಿ. ಬೈಗುಳ ಕೇಳಿಸ್ತಿದ್ರೆ ನನಗೂ ಧೈರ್ಯ."

ಮೇಲಿನ ಮೋಟಾರು ಕೋಣೆಗೆ ಕಿಟಕಿಯಿಲ್ಲ. ಮೇನ್ ಸ್ವಿಚ್ ಆರಿಸಿ, ಎಡಗೈಯಲ್ಲಿ ಬ್ರೇಕಿನ ಹಿಡಿ ಎತ್ತಿ, ಬಲಗೈಯಲ್ಲಿ ಚಕ್ರ ತಿರುಗಿಸಿ ಲಿಫ್ಟನ್ನು ಹತ್ತಿರದ ಮಹಡಿಗೆ ತರಬೇಕು. ಲಿಫ್ಟಿನ ಉಕ್ಕಿನ ಹಗ್ಗದ ಮೇಲಿನ ಹಳದಿ ಗುರುತು ಕಂಡರೆ ಲಿಫ್ಟು ಮಹಡಿಗೆ ಸರಿಯಾಗಿ ನಿಂತಿದೆಯೆಂದರ್ಥ. ಎರಡೂ ಕೈ ಕೆಲಸದಲ್ಲಿರುವುದರಿಂದ ಟಾರ್ಚು ಹಲ್ಲಿನ ಪಾಲು.

ಅಕ್ಕ ಜೇಬಿನಿಂದ ಹೊಸ ಟಾರ್ಚು ತೆಗೆದಳು. ಹತ್ತಲಿಲ್ಲ. ಮೊಣಕಾಲೂರಿ ಕೂತಾಗ ತೊಡೆ ಒತ್ತಿ ಸ್ವಿಚ್ಚು ಬೆಳಗ್ಗೆಯೇ ಆನ್ ಆಗಿತ್ತು. ಜೇಬು ಬಿಸಿಯಾದದ್ದನ್ನು ಅವಳು ಸೆಕೆಯ ತಲೆಗೆ ಕಟ್ಟಿದ್ದಳು.

ಎಲೆಕ್ಟ್ರಿಕಲ್ ಅಂಗಡಿಯವನು, ಅವಳು ತಮ್ಮ ಎಂದೇ ಕರೆಯುವವನು, ಹಿಂದಿನ ವಾರವಷ್ಟೇ ಕೊಟ್ಟದ್ದು ಅದು: "ದಪ್ಪ ಲಿಥಿಯಂ ಸೆಲ್ ಕಣಕ್ಕ, ಚಂದ್ರನ ಮೇಲಿನ ಹಳ್ಳ ಕಾಣುತ್ತೆ." ಚಾರ್ಜು ಮುಗಿದರೆ ಅಂಥ ಸೆಲ್ಲು ಅವನ ಅಂಗಡಿ ಬಿಟ್ಟು ಬೇರೆಲ್ಲೂ ಇಲ್ಲ.

ಚೀಲದ ತಳದಲ್ಲಿ ಹಳೆಯ ಟಾರ್ಚಿತ್ತು. ಸ್ವಿಚ್ಚು ಸಡಿಲವೆಂದು ಸೆಲ್ಲು ತೆಗೆದಿಟ್ಟಿದ್ದಳು. ಅವಳ ಬೆನ್ನ ಹಿಂದೆಯೇ ಹತ್ತಿ ಬಂದಿದ್ದ ಕಾವಲುಗಾರ, "ಫೋನಲ್ಲೇ ಲೈಟ್ ಇದೆಯಲ್ಲಕ್ಕ, ನಾನು ಹಿಡೀಲಾ?" ಎಂದ.

"ನೀನು ಕೆಳಗೆ ಅಜ್ಜಿ ಹತ್ರ ನಿಂತು ಮಾತಾಡಿಸು. ಫೋನು ಬಾಯಲ್ಲಿ ಕಚ್ಚೋಕೆ ನಾನೇನು ಮೊಸಳೆಯಾ?"

ಅವನನ್ನು ಕಳಿಸಿದವಳೇ ಕೆಳಗಿನ ಮಹಡಿಯ ಮೊಗಸಾಲೆಗೆ ಇಳಿದು ಗೋಡೆ ಗಡಿಯಾರ ಇಳಿಸಿದಳು. ಅದರ ಬೆನ್ನಲ್ಲಿದ್ದ ಪೆನ್ಸಿಲ್ ಸೆಲ್ಲು ಹಳೆಯ ಟಾರ್ಚಿಗೆ ಅಳತೆ ಹಿಡಿದಂತೆ ಕೂತಿತು. ಸ್ವಿಚ್ಚನ್ನು ಟೇಪಿನಿಂದ ಬಿಗಿದು, ಮೋಟಾರು ಕೋಣೆಗೆ ಮರಳಿ, ಹಲ್ಲಿಗೆ ಸಿಕ್ಕಿಸಿ, ಚಕ್ರಕ್ಕೆ ಕೈ ಹಾಕಿದಳು. ಅವಸರಪಡಲಿಲ್ಲ. ಬೆಳಕು ಮಂಕಾಗಿತ್ತು, ಹಳದಿ ಗುರುತಿಗೆ ಸಾಲುವಷ್ಟಿತ್ತು.

ಬಾಗಿಲು ತೆರೆದಾಗ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನು ಈ ಪೆಟ್ಟಿಗೆ ಸಹವಾಸ ಬೇಡ" ಎಂದಳು. ಅಕ್ಕ ಖಾಲಿಯಾದ ಸೆಲ್ಲಿನ ಕತೆ ಹೇಳಿ, ತಡವಾದದ್ದರ ತಪ್ಪು ತನ್ನ ಜೇಬಿನದೆಂದು ಒಪ್ಪಿಕೊಂಡಳು.

ಸಂಜೆ ತಮ್ಮನ ಅಂಗಡಿಯ ಗಾಜಿನ ಮೇಜಿನ ಮೇಲಿದ್ದ ಟಾರ್ಚುಗಳನ್ನು ಒಂದೊಂದಾಗಿ ಕಚ್ಚಿ ನೋಡಿದಳು.

"ಅಕ್ಕ, ಟಾರ್ಚ್ ಕೊಳ್ತೀಯೋ, ತಿಂತೀಯೋ? ಈ ಕೆಂಪು ನೋಡು, ಎಷ್ಟು ಚಂದ."

"ಹೆಣ್ಣು ತೋರಿಸೋರ ಥರ ಬಣ್ಣ ಹೊಗಳ್ಬೇಡ. ಹಗುರ ಇರ್ಬೇಕು, ಗಡಿಯಾರದ ಸೆಲ್ ಹಿಡೀಬೇಕು."

ಒಂದೇ ಪೆನ್ಸಿಲ್ ಸೆಲ್ಲಿನದನ್ನು ಆರಿಸಿದಳು. ದಿನಬಳಕೆಗೆ ಅದೇ ಅಳತೆಯ ಚಾರ್ಜ್ ಮಾಡುವ ಸೆಲ್ಲು. ಆಪತ್ತಿಗೆ ಸಾದಾ ಸೆಲ್ಲೊಂದು ಅಂಗಿಯ ಜೇಬಿನಲ್ಲಿ. ಹಿಂದಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿಟ್ಟರೆ ತೊಡೆ ಎಷ್ಟು ಒತ್ತಿದರೂ ಹತ್ತದು.

ಮರುದಿನದಿಂದ ದಿನವೂ ಕೆಲಸಕ್ಕೆ ಮುಂಚೆ ನಾಲ್ಕನೇ ಮಹಡಿಗೆ ಹೋಗಿ ಅಜ್ಜಿಯ ಬಾಗಿಲು ತಟ್ಟಿ, ಅವಳೆದುರು ಟಾರ್ಚು ಹತ್ತಿಸಿ, ಆರಿಸಿ ಹೊರಟುಬಿಡುತ್ತಿದ್ದಳು. ವಾರ ಕಳೆದ ಮೇಲೊಂದು ಬೆಳಗ್ಗೆ ಅಜ್ಜಿ ಚಪ್ಪಲಿ ಮೆಟ್ಟಿಕೊಂಡೇ ಬಾಗಿಲು ತೆರೆದಳು.

"ಇನ್ನೊಂದು ಸೆಲ್ಲು?"

ಅಕ್ಕ ಅಂಗಿಯ ಜೇಬು ತಟ್ಟಿದಳು. ಅಜ್ಜಿ ಲಿಫ್ಟಿನೊಳಗೆ ಹೋಗಿ ತಾನೇ ಗುಂಡಿ ಒತ್ತಿದಳು.

ಖರ್ಚು: ಟಾರ್ಚಿಗೆ ಐನೂರ ಇಪ್ಪತ್ತು, ಚಾರ್ಜ್ ಮಾಡುವ ಸೆಲ್ಲಿಗೆ ನೂರ ಎಂಬತ್ತು, ಸಾದಾ ಸೆಲ್ಲು ಎರಡಕ್ಕೆ ನಲವತ್ತು. ಎರಡರಲ್ಲಿ ಒಂದು ಮೊಗಸಾಲೆಯ ಗಡಿಯಾರಕ್ಕೆ.